ಯಾವ ಅಡ್ಡ?

ಆ ಪ್ರಯೋಗಾಲಯದಲ್ಲಿ ನಲವತ್ತು ನೆಲಗಪ್ಪೆಗಳಿದ್ದವು, ಅವುಗಳ ಹೊಟ್ಟೆ ನೋಡಿಕೊಳ್ಳಲು ಒಬ್ಬನೇ ಮನುಷ್ಯನಿದ್ದ. ಹದಿನೇಳು ವರ್ಷ ತೊಟ್ಟಿ ತೊಳೆದು, ಹುಳ ಸಾಕಿ, ಕೊನೆಗೆ ಅವನ ಸ್ವಂತ ಹೆಸರೂ ತೊಳೆದುಹೋಗಿ ಎಲ್ಲರ ಬಾಯಲ್ಲೂ ಕಪ್ಪೆಯಣ್ಣನಾದ. ಅಷ್ಟರಲ್ಲಿ ಕಪ್ಪೆತೊಟ್ಟಿಗಳೂ ಕಚೇರಿಯ ಆಸ್ತಿಪಟ್ಟಿ ಸೇರಿ ಖಾಯಂ ಆಗಿದ್ದವು. ಅವನೊಬ್ಬ ಮಾತ್ರ ಇನ್ನೂ ತಾತ್ಕಾಲಿಕ.

ನೆಲಗಪ್ಪೆಗೆ ಅಲ್ಲಾಡಿದ್ದು ಮಾತ್ರ ಕಣ್ಣಿಗೆ ಬೀಳುತ್ತದೆ. ಮಿಸುಕದ ಹುಳ ಮೂತಿಯ ಮುಂದೆಯೇ ಬಿದ್ದಿದ್ದರೂ ಕಪ್ಪೆ ಹಸಿದು ಕೂರುತ್ತದೆ. “ನಮ್ಮ ನಿರ್ದೇಶಕರ ಥರ. ಎದುರಿಗೇ ನಿಂತಿದ್ದೀನಿ, ಅಲ್ಲಾಡಲ್ಲ ಅಂತ ಕಾಣಿಸ್ತಿಲ್ಲ” ಎಂದು ಕಪ್ಪೆಯಣ್ಣ ಹೆಂಡತಿಯ ಹತ್ತಿರ ನಗುತ್ತಿದ್ದ.

ಈ ನೋಟದ ಗುಟ್ಟು ಹುಡುಕಲು ಬಂದವರು ಮೇಡಂ. ಕಪ್ಪೆಯ ನಡುಮೆದುಳಿನ ಒಂದು ನರಕೋಶದ ಪಕ್ಕಕ್ಕೆ ಕೂದಲಿಗಿಂತ ತೆಳುವಾದ ತಂತಿ ಇಳಿಸುವರು. ಕೋಶ ಎಚ್ಚೆತ್ತರೆ ಸ್ಪೀಕರಿನಲ್ಲಿ ಟಪಟಪ ಸದ್ದು. ಕಪ್ಪೆಯ ಮುಂದೆ ಹರಿದುಹೋಗುವ ಬಿಳಿ ಪಟ್ಟೆಗೆ ಬೆರಳುದ್ದದ ಕರಿ ರಟ್ಟು ಅಂಟಿಸುವುದು ಕಪ್ಪೆಯಣ್ಣನ ಕೆಲಸ. ರಟ್ಟನ್ನು ಮಲಗಿಸಿದರೆ ಅದು ಹರಿದುಬರುವ ಹುಳ, ನಿಲ್ಲಿಸಿದರೆ ನಡೆದುಬರುವ ಗೂಟ. ಮೇಡಂ ಪರದೆಯ ಆಚೆ ಕೂತು “ಉದ್ದ!” “ಅಡ್ಡ!” ಎಂದು ಕೂಗುವರು. ಇವನು ಅಂಟಿಸುವನು, ಅವರು ಬರೆದುಕೊಳ್ಳುವರು.

ಮೂರು ವಾರ ಹೀಗೇ ನಡೆಯಿತು. ‘ಅಡ್ಡ’ ಎಂದಾಗಲೆಲ್ಲ ಸ್ಪೀಕರು ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಸಿಡಿಯಿತು, ‘ಉದ್ದ’ ಎಂದರೆ ತೆಪ್ಪಗಾಯಿತು.

“ಕಪ್ಪೆಯಣ್ಣಾ, ಇಷ್ಟು ದಿನ ಈ ಕೋಶದ ಬಗ್ಗೆ ವಿಜ್ಞಾನಿಗಳೆಲ್ಲರೂ ಉಲ್ಟಾ ಹೇಳಿದ್ದಾರೆ!” ಮೇಡಂ ನಿಂತಲ್ಲೇ ಕುಣಿದರು. ಅದೇ ಖುಷಿಯಲ್ಲಿ ಅವನನ್ನು ಖಾಯಂ ಮಾಡಿ ಎಂದು ಬರೆದು ಕಡತವನ್ನು ನಿರ್ದೇಶಕರ ಮೇಜಿಗೆ ಕಳಿಸಿದರು. ಸೋಮವಾರ ಸಹಿ.

ಶನಿವಾರ, ವಿಜ್ಞಾನಿಗಳ ದೊಡ್ಡ ಸಭೆಯಲ್ಲಿ ಗೋಡೆಗೆ ಹಾಕುವ ಚಿತ್ರ ಬಂತು. ಕಪ್ಪೆಯ ಮುಂದೆ ರಟ್ಟು ಗೂಟದ ಹಾಗೆ ನಿಂತಿದೆ, ಕೆಳಗೆ ‘ಅಡ್ಡ’ ಎಂದು ದಪ್ಪ ಅಕ್ಷರ. ಕಪ್ಪೆಯಣ್ಣ ಹತ್ತಿರ ಹೋಗಿ ಇನ್ನೊಮ್ಮೆ ಓದಿದ. ‘ಅಡ್ಡ’ ಎಂದಾಗ ಅವನು ಒಂದು ದಿನವೂ ನಿಲ್ಲಿಸಿರಲಿಲ್ಲ, ಮಲಗಿಸಿದ್ದ!

ಮನೆಗೆ ಬಂದು ಹೇಳಿದ. ಹೆಂಡತಿ ತಟ್ಟೆ ಕುಕ್ಕಿದಳು. “ಬಾಯಿಗೆ ಬೀಗ ಹಾಕ್ಕೊಳ್ರೀ. ಸೋಮವಾರ ಒಂದು ದಾಟಲಿ. ನಿಮ್ಮ ಕಪ್ಪೆ ಬಂದು ಸಾಕ್ಷಿ ಹೇಳುತ್ತಾ?”

“ಅದು ಮೂರು ವಾರದಿಂದ ಹೇಳ್ತಾನೇ ಇದೆ ಕಣೇ. ನಾವು ತಪ್ಪು ಬರ್ಕೊಂಡಿದ್ದೀವಿ.”

ಸೋಮವಾರ ನಿರ್ದೇಶಕರು ಪೆನ್ನಿನ ಮುಚ್ಚಳ ತೆಗೆದಿದ್ದರು. ಮೇಡಂ ಪಕ್ಕದಲ್ಲಿದ್ದರು. ಕಪ್ಪೆಯಣ್ಣ ಕೈ ಕಟ್ಟಿಕೊಂಡು ಕೇಳಿದ, “ಮೇಡಂ, ಅಡ್ಡ ಅಂದ್ರೆ ಯಾವ ಅಡ್ಡ?”

“ಅಡ್ಡ ಅಂದ್ರೆ ಅಡ್ಡ. ಇದೇನ್ ಕೇಳ್ತೀರಿ?”

“ಅಲ್ಲ, ಊಟ ಆದ್ಮೇಲೆ ಅಡ್ಡಾಗ್ತೀವಲ್ಲ, ಆ ಅಡ್ಡವೋ? ದಾರಿಗೆ ಅಡ್ಡ ನಿಲ್ತಾರಲ್ಲ, ಆ ಅಡ್ಡವೋ?”

ಮೇಡಂ ಮುಖದ ಬಣ್ಣ ಇಳಿಯಿತು. “ದಾರಿಗೆ... ನೀವು?”

“ನಾನು ಮಲಗಿಸಿದೆ, ಮೇಡಂ. ಉದ್ದ ಅಂದಾಗ ಉದ್ದ ಮನುಷ್ಯನ ಹಾಗೆ ನಿಲ್ಲಿಸಿದೆ.”

ಅಂದರೆ ಕೋಶ ಸಿಡಿದದ್ದು ಹುಳಕ್ಕೇ. ಎಲ್ಲರೂ ಹೇಳಿದ್ದೇ ಸರಿ, ಉಲ್ಟಾ ಆಗಿದ್ದು ಇವರೇ.

ನಿರ್ದೇಶಕರು ಪೆನ್ನು ಮುಚ್ಚಿದರು. “ಉದ್ದ ಅಡ್ಡ ಗೊತ್ತಿಲ್ಲದವನನ್ನ ಖಾಯಂ ಮಾಡ್ಬೇಕಾ?” ಹೋದ ವಾರ ಇದೇ ಬಾಯಿ ‘ನಾವು ಕಂಡುಹಿಡಿದೆವು’ ಎಂದಿತ್ತು. ಗೆದ್ದರೆ ನಾವು, ಕೆಟ್ಟರೆ ಅವನು: ಕುರ್ಚಿಯಲ್ಲಿ ಕೂತವರ ವ್ಯಾಕರಣ ಇಷ್ಟೇ. ತೊಟ್ಟಿ ತೊಳೆಯುವವನಿಗೆ ಅದರಲ್ಲಿ ‘ನಾವು’ ಎಂಬುದೇ ಇಲ್ಲ.

ಕಪ್ಪೆಯಣ್ಣ ಬಾಗಿಲ ಕಡೆ ತಿರುಗಿದ. ಆದರೆ ಮೇಡಂ ಹೋಗಿ ಬಾಗಿಲಿಗೆ ಅಡ್ಡ ನಿಂತರು.

“ಸರ್, ಎರಡರ್ಥದ ಮಾತು ಆಡಿದ್ದು ನಾನು. ಮೂರು ವಾರ ಪರದೆ ಸರಿಸಿ ನೋಡದೆ ಇದ್ದದ್ದೂ ನಾನು. ಇವರು ಸುಮ್ಮನಿದ್ದಿದ್ರೆ ಇಷ್ಟು ಹೊತ್ತಿಗೆ ನಿಮ್ಮ ಸಹಿ ಬಿದ್ದಿರ್ತಿತ್ತು. ಮುಂದಿನ ವಾರ ದೊಡ್ಡ ಸಭೆಲಿ ನಾವಿಬ್ರೂ ಅಂಗಾತ ಬಿದ್ದಿರ್ತಿದ್ವಿ.”

ನಿರ್ದೇಶಕರು ಆ ಸಭೆಯನ್ನು ಕಣ್ಣಮುಂದೆ ತಂದುಕೊಂಡಂತೆ ಕಂಡಿತು. ಮೊದಲ ಸಲ ಅವರು ಕಪ್ಪೆಯಣ್ಣನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಆಮೇಲೆ, ಔಷಧಿ ನುಂಗುವ ಮುಖ ಮಾಡಿಕೊಂಡು ಸಹಿ ಹಾಕಿದರು.

ಅಂದಿನಿಂದ ಪರದೆಯ ಆಚೆಯಿಂದ ಕೂಗು ಬದಲಾಯಿತು: “ಹುಳ!” “ಗೂಟ!” ಆ ಪದಗಳನ್ನು ಕೊಟ್ಟವನು ಕಪ್ಪೆಯಣ್ಣನೇ.

ಸಂಜೆ ಆದೇಶದ ಕಾಗದವನ್ನು ಹೆಂಡತಿ ಎರಡೆರಡು ಸಲ ಓದಿದಳು. “ಹದಿನೇಳು ವರ್ಷಕ್ಕೆ ಒಂದ್ಸಲ ಅಲ್ಲಾಡಿದ್ರಿ, ಕಣ್ಣಿಗೆ ಬಿದ್ರಿ. ಸಾಕು, ಊಟ ಮಾಡಿ ಅಡ್ಡಾಗಿ.”

ಯಾವ ಅಡ್ಡ ಎಂದು ಅವನು ಕೇಳಲಿಲ್ಲ.