ಗೊಗ್ಗರಕ್ಕನ ಆಲ್ಬಮ್

ಹೊಲಿಗೆ ಶೆಡ್ಡಿನಲ್ಲಿ ಎಲ್ಲರೂ ಅವಳನ್ನು ಗೊಗ್ಗರಕ್ಕ ಎಂದೇ ಕರೆಯುತ್ತಿದ್ದರು. ದನಿ ಅಂಥದ್ದು, ಗಂಟಲು ಕೆರೆದುಕೊಂಡೇ ಹೊರಗೆ ಬರುತ್ತಿತ್ತು. ಹಗಲೆಲ್ಲ ಆಸ್ಪತ್ರೆ ನೌಕರರ ಅಂಗಿಗಳಿಗೆ ಕಾಲರು ಕೂರಿಸುವ ಕೆಲಸ. ಶನಿವಾರ ಸಂಜೆ ಮಾತ್ರ ಹೋಟೆಲಿನ ಊಟದ ಹಾಲಿನಲ್ಲಿ ಮೈಕಿನ ಮುಂದೆ ನಿಲ್ಲುತ್ತಿದ್ದಳು. ಹಾಡುತ್ತಿದ್ದುದು ತನಗಿಂತ ಹಿರಿಯವಾದ, ರಿದಮ್ ಅಂಡ್ ಬ್ಲೂಸ್ ಎಂಬ ಅಮೆರಿಕದ ಇಂಗ್ಲಿಷ್ ಹಾಡುಗಳು. ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದ ಅಪ್ಪ ಬಿಟ್ಟುಹೋದ ಆಸ್ತಿಯೆಂದರೆ ಅವುಗಳ ಹಳೇ ರೆಕಾರ್ಡುಗಳೇ. ಕೈಕೊಟ್ಟು ಹೋದ ಗಂಡಸರ ಕುರಿತ ಆ ಹಾಡುಗಳನ್ನು ಅವಳು ಎತ್ತಿಕೊಂಡರೆ ಊಟದವರ ಚಮಚದ ಸದ್ದು ನಿಲ್ಲುತ್ತಿತ್ತು.

ತಮ್ಮನಿಗೆ ಸ್ವಂತ ರೆಕಾರ್ಡಿಂಗ್ ಸ್ಟುಡಿಯೋ ಇತ್ತು. ಸೋಪು, ಪೇಂಟಿನ ಜಾಹೀರಾತುಗಳ ಮೇಲೆ ನಡೆಯುತ್ತಿತ್ತು.

"ಅಕ್ಕಾ, ಎಷ್ಟು ದಿನ ಅಂತ ತಿನ್ನೋರ ಮುಂದೆ ಹಾಡ್ತೀಯ? ಆ ಹಾಡುಗಳದ್ದೇ ಒಂದು ಆಲ್ಬಮ್ ಮಾಡೋಣ, ಬಾ" ಎಂದ.

ಶೆಡ್ಡಿಗೆ ರಜೆ ಹಾಕಿ ಹಾಡಿದಳು. ಹೊಟ್ಟೆಯಲ್ಲಿದ್ದದ್ದೆಲ್ಲ ಆ ಮೈಕಿಗೆ ಸುರಿದಳು. ತಮ್ಮ ಗಾಜಿನಾಚೆಯಿಂದ ಹೆಬ್ಬೆರಳೆತ್ತಿ ತೋರಿಸಿದ.

ಸಿ.ಡಿ. ಕೈಗೆ ಬಂದ ದಿನ ಅಡುಗೆಮನೆಯಲ್ಲೇ ಸ್ಟೂಲೆಳೆದು ಕೂತು ಕೇಳಿದಳು. ಬೇರೆ ಯಾರದ್ದೋ ಬಂದಿದೆ ಅಂದುಕೊಂಡಳು ಮೊದಲು. ಮಾತು ನುಂಗುವ ರೀತಿ ತನ್ನದೇ. ದನಿ ಮಾತ್ರ ಹದಿನೆಂಟರ ಹುಡುಗಿಯದು, ಎಣ್ಣೆ ಹಚ್ಚಿ ತಿಕ್ಕಿದಂತೆ ನುಣ್ಣಗೆ.

ಸೀದಾ ಸ್ಟುಡಿಯೋಗೆ ಹೋದಳು.

"ಏನೋ ಮಾಡಿದೀಯ ನನ್ನ ಗಂಟಲಿಗೆ?"

"ಒರಟು ತೆಗೆದಿದೀನಿ, ಅಷ್ಟೇ. ಎಲ್ಲದಕ್ಕೂ ಈಗ ಮೆಷೀನಿದೆ. ನಾನು ಕೇಳಿಸಿದವರೆಲ್ಲ ಎಷ್ಟು ಮೆಚ್ಕೊಂಡಿದಾರೆ ಗೊತ್ತಾ?"

"ಯಾರನ್ನ ಮೆಚ್ಕೊಂಡಿದಾರೆ?"

ಅವನು ಕಂಪ್ಯೂಟರಿನ ಕಡೆ ತಿರುಗಿಕೊಂಡ. ಮೂಗು ಕೊಯ್ದು ನತ್ತು ತೊಡಿಸಿದವನಿಗೆ ಇನ್ನೇನು ಹೇಳುವುದು?

ಆಲ್ಬಮ್ ನಿಜಕ್ಕೂ ಓಡಿತು. ಅದನ್ನು ಕೇಳಿದವರೇ ಹೋಟೆಲಿಗೆ ಬಂದು ಕೂತರು. ಅವಳು ಬಾಯಿ ತೆಗೆದದ್ದೇ ತಡ, ಮುಂದಿನ ಮೇಜಿನ ಹೆಂಗಸು ಗಂಡನ ಕಿವಿಯಲ್ಲಿ "ಇವರು ಅವರಲ್ಲ ಕಣ್ರೀ" ಎಂದದ್ದು ಮೈಕಿನವರೆಗೂ ಕೇಳಿಸಿತು. ಮ್ಯಾನೇಜರು ಎರಡು ವಾರ ಸಹಿಸಿಕೊಂಡ.

"ಮೇಡಂ, ಬೇಜಾರು ಮಾಡ್ಕೋಬೇಡಿ. ಸದ್ಯಕ್ಕೆ ನಿಮ್ಮ ಸಿ.ಡಿ.ನೇ ಹಾಕ್ತೀವಿ" ಎಂದ. ಆ ಸದ್ಯ ಇನ್ನೂ ಮುಗಿದಿಲ್ಲ.

ಮುಂದಿನ ವರ್ಷ ತಮ್ಮನಿಗೆ ಕಾಮಾಲೆಯಾಯಿತು. ಅವಳು ದಿನಾ ಎಣ್ಣೆ, ಖಾರ ಇಲ್ಲದ ಅಡುಗೆ ಮಾಡಿ ಬಾಗಿಲವರೆಗೆ ಒಯ್ದು ಕೊಟ್ಟಳು, ಹೊಸಿಲು ಮಾತ್ರ ದಾಟಲಿಲ್ಲ. ಒಳಗಿನಿಂದ ಅವನು "ಅಕ್ಕಾ, ಬಾರೇ" ಎಂದು ಕರೆದ.

"ಡಬ್ಬಿ ತೊಳೆದಿಡು, ನಾಳೆ ತಗೊಂಡ್ಹೋಗ್ತೀನಿ" ಎಂದು ತಮ್ಮನ ಹೆಂಡತಿಗೆ ಹೇಳಿ ಮೆಟ್ಟಿಲಿಳಿದಳು.