ಕೆರೆಗೆ ಮುಖ ಮಾಡಿದ ಅಂಗಡಿ

ತೊಂಬತ್ತರ ದಶಕದ ನಡುವಿನಲ್ಲಿ ನಾನು ಕಲಬುರಗಿಯ ಒಂದು ಕಚೇರಿಯಲ್ಲಿ ಕಟ್ಟಡಗಳ ನಕ್ಷೆ ಬರೆಯುವ ಕೆಲಸದಲ್ಲಿದ್ದೆ. ಒಂದು ದಿನ ನಮ್ಮ ಸಾಹೇಬರು ಹೊರರಾಜ್ಯದಲ್ಲಿ ತರಬೇತಿ ಮುಗಿಸಿಕೊಂಡು ಬಂದರು. ಬರುವಾಗ ಒಂದು ಬಣ್ಣದ ಫೋಟೊ ತಂದಿದ್ದರು. ಅದರಲ್ಲಿ ನೀರಿನ ದಡ, ದಡದಲ್ಲಿ ಅಂಗಡಿಗಳು, ಅಂಗಡಿಗಳ ಮೇಲೆ ಮನೆಗಳು, ಮುಂದೆ ದೊಡ್ಡ ಕೊಡೆಗಳ ಕೆಳಗೆ ಕೂತು ಏನನ್ನೋ ಕುಡಿಯುತ್ತಿರುವ ಜನ. ಅವರಲ್ಲಿ ಯಾರಿಗೂ ಮನೆಯಲ್ಲಿ ಕೆಲಸವಿದ್ದಂತೆ ಕಾಣಲಿಲ್ಲ.

“ನಮ್ಮೂರಾಗೂ ಹಿಂಗೇ ಮಾಡೋಣ,” ಎಂದರು ಸಾಹೇಬರು. “ಕೆಳಗ ಅಂಗಡಿ, ಮ್ಯಾಲ ಮನಿ, ಮುಂದ ನೀರು. ಸತ್ತ ಬಜಾರ ಎದ್ದು ಕೂಡ್ತದ ನೋಡ್ರಿ.”

ಸತ್ತ ಬಜಾರ ಎಂದರೆ ಊರ ಅಂಚಿನ ಕೆರೆಯ ಪಕ್ಕದ್ದು. ಬಸ್ಸು ನಿಲ್ಲುವ ಜಾಗ ಬೇರೆ ಕಡೆ ಹೋದ ಮೇಲೆ ಅಲ್ಲಿ ಹದಿನೈದು ತಗಡಿನ ಅಂಗಡಿಗಳು ಉಳಿದಿದ್ದವು, ಗಿರಾಕಿಗಳು ಉಳಿದಿರಲಿಲ್ಲ. ನಾನು ಹದಿನಾರು ಅಂಗಡಿಗಳ ನಕ್ಷೆ ಬರೆದೆ. ಎಲ್ಲದರ ಬಾಗಿಲೂ ಕೆರೆಯ ಕಡೆ. ಹಿಂದಿನ ಗಲ್ಲಿಗೆ ಬರೀ ಗೋಡೆ. ಮುಂದೆ ಹಾಸುಗಲ್ಲಿನ ಅಗಲವಾದ ಕಾಲುದಾರಿ, ಅದರ ಮೇಲೆ ಕೊಡೆಗಳು. ನಾನು ಒಬ್ಬಳೇ ಕೂತು ಪೂರ್ತಿ ಬರೆದ ಮೊದಲ ನಕ್ಷೆ ಅದು. ಅದನ್ನು ಮನೆಗೆ ತಂದು ಅವ್ವನಿಗೆ ತೋರಿಸಿದೆ.

ಅವ್ವ ಕಮಲಾಪುರದಲ್ಲಿ ಮನೆಯ ಕಟ್ಟೆಯ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡು ಕುಪ್ಪಸ ಹೊಲಿಯುತ್ತಿದ್ದವಳು. ಸಂತೆಯ ದಿನ ಕೆಂಪು ಬಾಳೆಹಣ್ಣು ಮಾರಲು ಬರುವ ಹೆಂಗಸರು ಬುಟ್ಟಿ ಇಳಿಸಿ ಅಳತೆ ಕೊಟ್ಟು ಹೋಗುತ್ತಿದ್ದರು. ನನ್ನ ನೌಕರಿಗೋಸ್ಕರ ಕಲಬುರಗಿಯ ಗಾಜಿಪುರದ ಒಂದೇ ಕೋಣೆಯ ಬಾಡಿಗೆ ಮನೆಗೆ ಬಂದ ಮೇಲೆ ಕಟ್ಟೆ ಹೋಯಿತು, ಬೆಳಕು ಹೋಯಿತು. ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯತೊಡಗಿದಳು. ನನಗೆ ಬಹಳ ಕೆಟ್ಟದೆನಿಸಿತು. ಹಳಬರಿಗೆ ಹದಿನೈದು ಹೋಗಿ ಉಳಿದ ಹದಿನಾರನೆಯ ಅಂಗಡಿಗೆ ಅವಳ ಹೆಸರಿನಲ್ಲಿ ಅರ್ಜಿ ಹಾಕಿದೆ. ಚೀಟಿ ಎತ್ತಿದಾಗ ಅವಳದೇ ಬಂತು. ಯಾರೂ ಅನುಮಾನಪಡಲಿಲ್ಲ, ಏಕೆಂದರೆ ಅರ್ಜಿ ಹಾಕಿದ್ದವಳು ಅವಳೊಬ್ಬಳೇ.

ಕಟ್ಟಡ ಮುಗಿದು ಕೀಲಿಕೈ ಕೊಟ್ಟರೂ ಹಳೆಯ ಅಂಗಡಿಕಾರರು ಯಾರೂ ಅಂಗಡಿ ತೆರೆಯಲಿಲ್ಲ. ವಿಚಾರಿಸಲು ನನ್ನನ್ನೇ ಕಳಿಸಿದರು. ಕಿರಾಣಿ ಅಂಗಡಿಯ ಹಿರಿಯರು ನನ್ನನ್ನು ಕೂಡಿಸಿ ಸಮಾಧಾನವಾಗಿ ಹೇಳಿದರು: “ಮೇಡಂರೀ, ಬಾಗ್ಲಾ ದಕ್ಷಿಣಕ್ಕ ಅದಲ್ರೀ. ಯಮನ್ನ ಗಿರಾಕಿ ಮಾಡ್ಕೋಬೇಕೇನ್ರೀ?”

ನಕ್ಷೆಯ ಮೂಲೆಯಲ್ಲಿ ಉತ್ತರದ ಬಾಣವನ್ನು ನಾನೇ ಬರೆದಿದ್ದೆ, ಬಹಳ ಚಂದಾಗಿ ಬರೆದಿದ್ದೆ. ನಮ್ಮ ಮನೆಯವರೂ ದಕ್ಷಿಣಕ್ಕೆ ತಲೆಬಾಗಿಲು ಇಡುವವರಲ್ಲ. ಆದರೆ ನಕ್ಷೆ ಬರೆಯುವಾಗ ನಾನು ಫೋಟೊ ನೋಡಿದ್ದೆ, ದಿಕ್ಕು ನೋಡಿರಲಿಲ್ಲ.

ಒಂದು ತಿಂಗಳೊಳಗೆ ಹದಿನೈದು ಜನರೂ ಹಿಂದಿನ ಗೋಡೆ ಒಡೆಸಿ ಉತ್ತರದ ಗಲ್ಲಿಗೆ ಶಟರ್ ಹಾಕಿಸಿದರು. ಗಲ್ಲಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ವ್ಯಾಪಾರ. ಸಾಹೇಬರು ಹೇಳಿದಂತೆ ಬಜಾರ ಎದ್ದು ಕೂತಿತ್ತು, ಕೆರೆಗೆ ಬೆನ್ನು ಮಾಡಿ ಕೂತಿತ್ತು. ಮೇಲಿನ ಮನೆಗಳ ಹೆಂಗಸರು ಕಾಲುದಾರಿಯ ಹಾಸುಗಲ್ಲಿನ ಮೇಲೆ ಮೆಣಸಿನಕಾಯಿ, ಸಂಡಿಗೆ ಒಣಹಾಕಿದರು. ಅಂಥ ಬಿಸಿಲು ಊರಲ್ಲಿ ಬೇರೆಲ್ಲೂ ಇರಲಿಲ್ಲ. ಯೋಜನೆಯಿಂದ ಪ್ರಯೋಜನವಾಗಲಿಲ್ಲ ಎಂದು ಹೇಳುವಂತಿಲ್ಲ.

ಸಾಹೇಬರು ಎಲ್ಲರಿಗೂ ನೋಟಿಸ್ ಕೊಡಲು ಹೇಳಿದರು. ನನ್ನ ಅಕ್ಷರ ದುಂಡಗಿದ್ದದ್ದರಿಂದ ಆ ಕೆಲಸವೂ ನನಗೇ ಬಂತು. ‘ಮಂಜೂರಾದ ನಕ್ಷೆಗೆ ವಿರುದ್ಧವಾಗಿ ಗೋಡೆ ಒಡೆದಿರುತ್ತೀರಿ’ ಎಂದು ಮನೆಯಲ್ಲಿ ಕೂತು ಹದಿನೈದು ಸಲ ಬರೆದೆ. ಅವ್ವ ರೊಟ್ಟಿ ಬಡಿಯುತ್ತ ಒಂದನ್ನು ಓದಿಸಿ ಕೇಳಿದಳು. ಅಂಗಡಿಕಾರರು ನೋಟಿಸನ್ನು ಮರ್ಯಾದೆಯಿಂದ ತೆಗೆದುಕೊಂಡು ನನಗೆ ಚಹಾ ಕುಡಿಸಿದರು. ಉತ್ತರ ಯಾರೂ ಕೊಡಲಿಲ್ಲ.

ಅವ್ವನ ಅಂಗಡಿ ಮಾತ್ರ ಕೆರೆಯ ಕಡೆಗೇ ತೆರೆದಿತ್ತು. “ನನಗ ಬೆಳಕು ಬೇಕವ್ವ. ಇಲ್ಲೇ ಛಲೋ ಅದ,” ಎಂದಳು. ನನ್ನ ನಕ್ಷೆಯ ಮಾನ ಉಳಿಸಿದವಳು ಒಬ್ಬಳಾದರೂ ಇದ್ದಾಳೆ ಎಂದು ನಾನು ಬೀಗಿದೆ. ಕಚೇರಿಯಲ್ಲಿ ಹೇಳಿಕೊಂಡೂ ತಿರುಗಿದೆ. ಗಿರಾಕಿಗಳು ಬರುತ್ತಾರಾ ಎಂದು ಕೇಳಿದರೆ “ಬರ್ತಾರ” ಎನ್ನುತ್ತಿದ್ದಳು.

ಏಳೆಂಟು ತಿಂಗಳ ಮೇಲೆ ಸಂಬಂಧಿಕರ ಮಗುವಿನ ತೊಟ್ಟಿಲು ಕಾರ್ಯಕ್ಕೆ ಕಮಲಾಪುರಕ್ಕೆ ಹೋದೆ. ಅವ್ವ ಬರಲಿಲ್ಲ, ಕೆಲಸ ಅದ ಅಂದಳು. ಅಲ್ಲಿ ಹಳೆಯ ಗಿರಾಕಿಯೊಬ್ಬಳು, ಬಾಳೆಹಣ್ಣು ಮಾರುವಾಕೆ, ನನ್ನ ಕೈ ಹಿಡಿದು ಕೇಳಿದಳು: “ನಿಮ್ಮವ್ವ ಹೊಲಿಯೋದು ಬಿಟ್ಟಾಳಂತಲ್ಲ, ತಂಗಿ? ಕುಬಸದ ಬಟ್ಟಿ ತಗೊಂಡು ನಿಮ್ಮ ಬಜಾರಕ್ಕ ಎರಡು ಸಲ ಬಂದಿದ್ದೆ. ಗಲ್ಲಿ ತುಂಬ ಹುಡಕೀನಿ. ಇಲ್ಲಿ ಹೊಲಿಯಾಕಿ ಯಾರೂ ಇಲ್ಲ ಅಂದ್ರು.”

ಮರುದಿನ ಮಧ್ಯಾಹ್ನ ರಜೆ ಹಾಕಿ, ಅವ್ವನಿಗೆ ಹೇಳದೆ ಅಂಗಡಿಗೆ ಹೋದೆ. ಮೆಣಸಿನಕಾಯಿ ತುಳಿಯದಂತೆ ಕಾಲುದಾರಿಯ ಅಂಚಿನಲ್ಲೇ ನಡೆಯಬೇಕಾಯಿತು. ಅವ್ವ ಯಂತ್ರದ ಮುಂದೆ ಕೂತಿದ್ದಳು. ಒಳಗೆಲ್ಲ ಬೆಳಕು. ಸೂಜಿಯ ಕೆಳಗೆ ಬಟ್ಟೆಯಿರಲಿಲ್ಲ.

“ಗಿರಾಕಿ ಎಲ್ಲವ್ವಾ?” ಎಂದೆ.

“ಮುಂಜಾನಿ ಇಬ್ಬರು ಬಂದಿದ್ರು,” ಎಂದಳು. ಆಮೇಲೆ, “ಸಂಡಿಗಿ ಒಣಹಾಕಾಕ,” ಎಂದಳು.

“ಮತ್ತ ನೀನೂ ಗೋಡಿ ಒಡಸಬೇಕಿಲ್ಲೇನು? ಬೆಳಕು ಇಟ್ಕೊಂಡು ಏನ್ ಮಾಡ್ತಿ?”

ಅವ್ವ ಯಂತ್ರದ ಚಕ್ರ ಒರೆಸಿದಳು. “ಒಡಸಿದ್ರ ನನಗೂ ನೀನೇ ಬರೀಬೇಕಲ್ಲ ಆ ಕಾಗದ? ಹಡದಾಕಿನೇ ಮಗಳ ನಕ್ಷಾ ಕೆಡಿಸ್ಯಾಳ ಅಂತ ನಿಮ್ಮ ಆಫೀಸಿನಾಗ ನಗ್ತಾರ.”

ನಾನು ಅಲ್ಲೇ ಕೂತು ಅತ್ತೆ. ಅವ್ವನ ಮೇಲೆ ಸಿಟ್ಟು ಬಂದಿತ್ತು. ನನ್ನ ಮೇಲೆ ಅದಕ್ಕಿಂತ ಹೆಚ್ಚು ಬಂದಿತ್ತು. ಅವಳು ಎಂಟು ತಿಂಗಳು ಖಾಲಿ ಕೂತದ್ದು ನನಗೆ ಗೊತ್ತಾಗಲಿಲ್ಲ, ಏಕೆಂದರೆ ನನ್ನ ನಕ್ಷೆ ಸರಿಯಿದೆಯಲ್ಲ ಎಂಬ ಖುಷಿಯಲ್ಲಿದ್ದೆ.

ಅವತ್ತೇ ಗೌಂಡಿಯನ್ನು ಕರೆತಂದೆ. ಎಲ್ಲಿ ಒಡೆಯಬೇಕು ಎಂದು ಅವನು ಕೇಳಿದ. ಅವ್ವ ಬಟ್ಟೆಗೆ ಗೆರೆ ಹಾಕುವ ಸೀಮೆಸುಣ್ಣವನ್ನು ನಾನೇ ತೆಗೆದುಕೊಂಡು ಹಿಂದಿನ ಗೋಡೆಯ ಮೇಲೆ ಬಾಗಿಲು ಬರೆದೆ. ಅವ್ವ ಬೇಡ ಬೇಡ ಎನ್ನುತ್ತಲೇ ಯಂತ್ರದ ಮೇಲೆ ಧೂಳು ಬೀಳದಂತೆ ಸೀರೆ ಹೊದಿಸಿದಳು.

ಮರುದಿನ ಕಚೇರಿಯಲ್ಲಿ, ಎಲ್ಲರೂ ನೋಡುತ್ತಿರುವಾಗಲೇ, ಅವಳ ಹೆಸರಿಗೆ ನೋಟಿಸ್ ಬರೆದೆ. ಅಷ್ಟು ಸಂತೋಷದಿಂದ ನಾನು ಬೇರೆ ಯಾವ ಸರಕಾರಿ ಕಾಗದವನ್ನೂ ಬರೆದಿಲ್ಲ.