ಮತಗಟ್ಟೆಯ ಕಂಬಿಗೆ ಕಟ್ಟಿದ ನಾಯಿ

ಮ್ಯೂರಿಯಲ್ ಕೇವುಡ್ ಬೆಚ್ಚಿಬಿದ್ದದ್ದನ್ನು ನಾನು ನೋಡಿದ್ದು ಒಂದೇ ಸಲ. ವಿದರ್ನ್‌ಸೀ ಊರಿನ ಶಾಲೆಯ ಅಡುಗೆಮನೆಯಲ್ಲಿ ಆಯಸ್ಸೆಲ್ಲ ಕಳೆದ ಹೆಂಗಸು. ಕುದಿಯುವ ಕಸ್ಟರ್ಡ್ ಕಾಲ ಮೇಲೆ ಚೆಲ್ಲಿದಾಗಲೂ "ಅಯ್ಯೋ, ಪುಡಿಂಗಿಗೆ ಕಡಿಮೆ ಆಯ್ತಲ್ಲ" ಅಂದವಳು. ಸಮುದ್ರ ದಂಡೆಯನ್ನು ಕಡಿದು ನುಂಗುವ ಊರು ನಮ್ಮದು. ಒಂದು ಬೆಳಿಗ್ಗೆ ಅವಳ ಅಕ್ಕನ ಕೈತೋಟದ ಅರ್ಧ ಮಾಯವಾಗಿದೆ ಅಂತ ಸುದ್ದಿ ಬಂದರೂ ಚಹಾ ಮುಗಿಸಿಯೇ ನೋಡಲು ಹೋದಳು. ಅಂಥವಳು ಎರಡು ಸಾವಿರದ ಹದಿನಾರರ ಜೂನ್‌ನಲ್ಲಿ ಮೆಥಡಿಸ್ಟ್ ಸಭಾಂಗಣದ ಬಾಗಿಲಲ್ಲಿ, ಕಂಬಿಗೆ ಕಟ್ಟಿದ್ದ ತನ್ನದೇ ನಾಯಿಯನ್ನು ನೋಡಿ ಬಿಳಿಚಿಕೊಂಡಳು.

ಮೊದಲು ಅವರ ಮನೆಯ ಒಪ್ಪಂದದ ವಿಷಯ ಹೇಳಬೇಕು. ಗಂಡ ಹೆಡ್ಲಿ ಬಸ್ ಚಾಲಕನಾಗಿದ್ದು ನಿವೃತ್ತನಾದವನು, ಕನ್ಸರ್ವೇಟಿವ್ ಪಕ್ಷದವನು. ಇವಳು ಲೇಬರ್. ಮದುವೆಯಾದ ಮೇಲಿನ ಮೊದಲ ಚುನಾವಣೆಯಲ್ಲೇ ಹೆಡ್ಲಿ ಹೇಳಿದನಂತೆ: "ನನ್ನ ಓಟು ನಿನ್ನದನ್ನ ಹೊಡೆದುಹಾಕತ್ತೆ, ನಿನ್ನದು ನನ್ನದನ್ನ. ಸುಮ್ನೆ ಬೂಟು ಯಾಕೆ ಸವೆಸೋದು? ಇಬ್ಬರೂ ಮನೇಲೇ ಇರೋಣ." ಅಲ್ಲಿಂದ ಪ್ರತಿ ಚುನಾವಣೆಯ ದಿನ ಇಬ್ಬರೂ ಕಡಲ ಗೋಡೆಯ ಬೆಂಚಿನ ಮೇಲೆ ಕೂತು, ಒಂದೇ ಪೊಟ್ಟಣದಿಂದ ಮೀನು, ಕರಿದ ಆಲೂಗಡ್ಡೆ ತಿನ್ನುವುದು ಪದ್ಧತಿಯಾಯಿತು. ಕೊನೆಯ ಆಲೂಗಡ್ಡೆ ತುಂಡನ್ನು ಮ್ಯೂರಿಯಲ್ ಅವನಿಗೇ ಬಿಡುತ್ತಿದ್ದಳು. ಸುಖಸಂಸಾರ ಅಂದರೆ ಇದು ಅಂತ ಪಕ್ಕದ ಮನೆಯವನಾದ ನಾನು ನನ್ನ ಹೆಂಡತಿಗೆ ತೋರಿಸಿದೆ. "ನಮ್ಮಿಬ್ಬರ ಓಟು ಒಂದೇ ಪಕ್ಷಕ್ಕೆ. ಜಗಳಕ್ಕೆ ಅದೊಂದು ನೆಪಾನೂ ಬೇಕಾಗಿಲ್ಲ" ಅಂದಳು.

ಆಮೇಲೆ ಯುರೋಪಿನ ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಅನ್ನುವ ಮತದಾನ ಬಂತು. ಚರ್ಚಿನ ಗಾಯಕವೃಂದ ಎರಡಾಯಿತು. ಕಟುಕನ ಅಂಗಡಿಯ ಕಿಟಕಿಯಲ್ಲಿ 'ಹೊರಡೋಣ' ಅಂತ ಫಲಕ ಬಿದ್ದ ಮೇಲೆ ಅರ್ಧ ಊರು ಕೋಳಿ ತಿನ್ನುವುದನ್ನೇ ಬಿಟ್ಟಿತು. ಕೇವುಡ್ ಮನೆಯ ವಾದ ಗೋಡೆ ದಾಟಿ ನಮಗೂ ಕೇಳುತ್ತಿತ್ತು.

"ನಮ್ಮಪ್ಪನ ಮೀನು ಹಡಗು ತುಕ್ಕು ಹಿಡಿದು ಹೋಯ್ತಲ್ಲ, ಯಾರಿಂದ? ಆ ಯುರೋಪಿನೋರಿಂದ!"

"ನಿಮ್ಮಪ್ಪನ ಮೀನು ಕಸ್ಕೊಂಡೋರು ಐಸ್‌ಲ್ಯಾಂಡಿನೋರು ಕಣೋ. ಅವರು ಒಕ್ಕೂಟದಲ್ಲೇ ಇಲ್ಲ."

"ಎಲ್ಲಾ ಒಂದೇ ಸಮುದ್ರದೋರು!"

"ನಮ್ಮ ಐರೀನ್ ಸ್ಪೇನಲ್ಲಿದಾಳೆ. ಅವಳ ಮಂಡಿಗೆ ಅಲ್ಲಿನ ಬಿಸಿಲು ಬೇಕು. ನಾಳೆ ಎದ್ದು ಹೋಗು ಅಂದ್ರೆ ಎಲ್ಲಿಗೆ ಹೋಗ್ತಾಳೆ?"

"ತಂಗಿ ಮಂಡಿಗೆ ಯಾರಾದ್ರೂ ಓಟು ಹಾಕ್ತಾರೇನೇ?"

ಆದರೂ ಒಪ್ಪಂದ ಒಪ್ಪಂದವೇ. ಹಿಂದಿನ ದಿನ ಪಾತ್ರೆ ತೊಳೆಯುತ್ತ, ಸೋಪಿನ ನೊರೆಯ ಕೈಯಲ್ಲೇ ಕೈ ಕುಲುಕಿದರು. ಈ ಸಲವೂ ಇಬ್ಬರೂ ಮನೆಯಲ್ಲೇ.

ಮತದಾನದ ದಿನ ನಾನು ಮತಗಟ್ಟೆಯಾಗಿದ್ದ ಸಭಾಂಗಣದ ಹೊರಗೆ ಬೆರಿಲಮ್ಮನ ಕೇಕಿನ ಮೇಜಿನ ಬಳಿ ನಿಂತಿದ್ದೆ. ಓಟು ಹಾಕಲು ಬರುವವರಿಗೆ ಕೇಕು, ಅವರ ನಾಯಿಗಳಿಗೆ ನೀರು, ಸಾಸೇಜ್ ತುಂಡು ಕೊಡುವುದು ಬೆರಿಲಮ್ಮನ ವಾಡಿಕೆ. ಮ್ಯೂರಿಯಲ್ ತಲೆವಸ್ತ್ರವನ್ನು ಹುಬ್ಬಿನವರೆಗೆ ಎಳೆದುಕೊಂಡು ಬಂದಳು. ಬ್ರೆಡ್ ತರುತ್ತೇನೆ ಅಂತ ಮನೆ ಬಿಟ್ಟಿದ್ದಳಂತೆ.

"ನೀನು ನನ್ನ ನೋಡಿಲ್ಲ" ಅಂದಳು.

"ಕನ್ನಡಕದಂಗಡಿ ಇಟ್ಟೋನು ನೋಡಿಲ್ಲ ಅಂದ್ರೆ ವ್ಯಾಪಾರ ನಡೆಯುತ್ತಾ?"

"ತಮಾಷೆ ಬೇಡ ಕಣಪ್ಪ. ಇದೇ ಮೊದಲ ಸಲ ಮಾತು ಮುರೀತಿರೋದು."

ಒಳಗೆ ಹೋಗಿ ಓಟು ಹಾಕಿ ಹೊರಬಂದಳು. ಎದುರಿಗೆ ಕಂಬಿಗೆ ಕಟ್ಟಿದ ಅವರ ನಾಯಿ ಪಿಕಲ್ ಬಾಲ ಅಲ್ಲಾಡಿಸುತ್ತಿತ್ತು. ಗಂಟು ಬಿಗಿಯುತ್ತಿದ್ದ ಹೆಡ್ಲಿ ಬಗ್ಗಿದವನು ಬಗ್ಗಿದಂತೆಯೇ ನಿಂತ. ಅಷ್ಟಾಗಿದ್ದರೆ ಇಬ್ಬರೂ ಕಳ್ಳರು ಅಂತ ನಕ್ಕು ಮುಗಿಸಬಹುದಿತ್ತೇನೋ. ಬೆರಿಲಮ್ಮ ಸಾಸೇಜ್ ಹಿಡಿದು ಓಡಿಬಂದಳು.

"ಬಂದ್ಯಾ ಪಿಕಲ್! ಒಂದು ಎಲೆಕ್ಷನ್ನೂ ತಪ್ಪಿಸಲ್ಲ ನೋಡು ಈ ನಾಯಿ. ಮುಂಚಿನ ನಾಯಿ ಸಾರ್ಜೆಂಟ್ ಇದ್ನಲ್ಲ, ಅವನೂ ಹಾಗೇ. ಏನು ಹೆಡ್ಲಿ ಚಿನ್ನ, ಇವತ್ತು ಹೆಂಡ್ತೀನೂ ಬಂದಿದಾಳೆ, ಅಪರೂಪ!"

ಸಾರ್ಜೆಂಟ್ ಸತ್ತು, ಅವನನ್ನು ಹೂತಲ್ಲಿ ನೆಟ್ಟ ಗುಲಾಬಿಯೂ ಮುದಿಯಾಗಿತ್ತು.

"ಸಾರ್ಜೆಂಟೂ?" ಅಂದಳು ಮ್ಯೂರಿಯಲ್. ಬಣ್ಣ ಇಳಿದ ಅವಳ ಮುಖ ನೋಡಿ ನಾನು ಕೈಲಿದ್ದ ಕೇಕನ್ನು ಮೇಜಿನ ಮೇಲಿಟ್ಟೆ.

"ಅದು... ನಾಯಿಗೆ ಓಡಾಟ ಬೇಕಲ್ಲ, ಮ್ಯೂರಿಯಲ್..."

"ಹೋಗು ಒಳಗೆ. ಹಿಂದೆ ಜನ ಕಾಯ್ತಿದಾರೆ."

ಅವತ್ತು ಬೆಂಚು ಖಾಲಿ ಇತ್ತು.

ಮರುದಿನ ಬೆಳಿಗ್ಗೆ ಇಡೀ ಊರು ತಲೆಗೆ ಪೆಟ್ಟು ಬಿದ್ದವರಂತೆ ಓಡಾಡುತ್ತಿತ್ತು. ಸೋತವರೂ ಹಾಗೇ, ಗೆದ್ದವರೂ ಹಾಗೇ. ಹೆಡ್ಲಿ ಬೇಲಿಯ ಬಳಿ ಬಂದು ಸಾವಿನ ಸುದ್ದಿ ಹೇಳುವ ದನಿಯಲ್ಲಿ, "ಗೆದ್ವಂತೆ ಕಣಯ್ಯಾ" ಅಂದ. "ಗೆಲ್ತೀವಿ ಅಂದ್ಕೊಂಡೇ ಇರಲಿಲ್ಲ. ಲಂಡನ್ನಿನೋರಿಗೆ ಸ್ವಲ್ಪ ಬಿಸಿ ಮುಟ್ಟಿಸೋಣ ಅಂತ..." ಇದು ಆಗುವ ಮಾತೇ ಅಲ್ಲ ಅಂತ ಅಂಗಡಿಗೆ ಬಂದವರಿಗೆಲ್ಲ ಭರವಸೆ ಕೊಟ್ಟಿದ್ದವನು ನಾನು. ಊರಿನವರ ದೂರದೃಷ್ಟಿ ಪರೀಕ್ಷಿಸುವುದು ನನ್ನ ಕಸುಬು.

ಮ್ಯೂರಿಯಲ್ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ಐರೀನಳ ಗತಿಯೇನು ಅಂತ ಕೇಳಿದೆ.

"ಐರೀನ್ ಗಟ್ಟಿಗಿತ್ತಿ, ಹೇಗೋ ಇರ್ತಾಳೆ. ನನ್ನ ಗತಿ ಹೇಳು. ಇವನು ಪ್ರತಿ ಸಲ ಓಟು ಹಾಕಿ ಬಂದು, ಪಕ್ಕದಲ್ಲಿ ಕೂತು, ನಾನು ಬಿಟ್ಟ ಕೊನೇ ತುಂಡೂ ತಿಂದ್ನಲ್ಲ! ಇನ್ನು ಇವನು ಮಳೆ ಬರ್ತಿದೆ ಅಂದ್ರೂ ನಾನು ಕೈ ಹೊರಗೆ ಚಾಚಿ ನೋಡ್ಬೇಕು."

ಹೆಡ್ಲಿಯ ಹಾಸಿಗೆ ತೋಟದ ಶೆಡ್ಡಿಗೆ ಹೋಯಿತು. "ಹೊರಗೆ ಹೋಗೋಕೆ ತಾನೇ ಓಟು ಹಾಕಿದ್ದು? ಹೋಗು" ಅಂದಳಂತೆ. ಸಂಧಾನಕ್ಕೆ ಹೋದವನು ನಾನೇ. ಎರಡೂ ಕಡೆಯವರು ಚಹಾ ಕೊಟ್ಟರು, ಇಬ್ಬರೂ ನನ್ನ ಮಾತು ಕೇಳಲಿಲ್ಲ. ಕಡೆಗೆ ತೀರ್ಮಾನವಾದದ್ದು ಇಷ್ಟು: ಚಹಾ ಅಡುಗೆಮನೆಯ ಕಿಟಕಿಯಿಂದ, ಸ್ನಾನಕ್ಕೆ ಬಾಗಿಲು ತಟ್ಟಿ ಅನುಮತಿ, ಪಿಕಲ್ ಮಾತ್ರ ಎಲ್ಲಿ ಬೇಕಾದರೂ ಓಡಾಡಬಹುದು. ಚಳಿ ಜೋರಾದಾಗ ಹೆಡ್ಲಿಯನ್ನು ನಡುಮನೆಯ ಸೋಫಾದವರೆಗೆ ಬಿಟ್ಟುಕೊಂಡಳು. ಅಲ್ಲಿಂದಾಚೆ ಇಲ್ಲ.

ಮರುವರ್ಷ ಜೂನ್‌ನಲ್ಲಿ ಮತ್ತೊಂದು ಚುನಾವಣೆ. ಬೆಳಿಗ್ಗೆ ಮ್ಯೂರಿಯಲ್ ನಾಯಿಯ ಹಗ್ಗವನ್ನು ತಾನೇ ಕೈಗೆ ತೆಗೆದುಕೊಂಡು ಸೋಫಾದ ಮುಂದೆ ನಿಂತಳು. "ಏಳು. ನಾನು ನೋಡ್ತಿರೋ ಹಾಗೆ ಹಾಕು." ಇಬ್ಬರೂ ಊರ ನಡುವೆ ಜೊತೆಯಾಗಿ ನಡೆದರು. ಹೆಡ್ಲಿ ತಲೆ ತಗ್ಗಿಸಿದ್ದ. ಹಾಕಬೇಕಾದ್ದನ್ನು ಹಾಕಿ, ಒಬ್ಬರ ಓಟನ್ನೊಬ್ಬರು ಹೊಡೆದುಹಾಕಿ ಹೊರಬಂದರು. ಬೆರಿಲಮ್ಮ ಈ ಸಲ ತುಟಿ ಬಿಚ್ಚದೆ ಸಾಸೇಜ್ ಕೊಟ್ಟಳು.

ಮಧ್ಯಾಹ್ನ ಬೆಂಚಿನ ಮೇಲೆ ಪೊಟ್ಟಣ ಬಿಚ್ಚಿಕೊಂಡಿತು. ನಾನು ಹಿಂದೆ ನಿಂತು ಸಮುದ್ರ ನೋಡುವವನಂತೆ ನಟಿಸುತ್ತಿದ್ದೆ. ಇಬ್ಬರೂ ತಿಂದರು. ಕೊನೆಗೆ ಒಂದೇ ತುಂಡು ಉಳಿಯಿತು. ಹೆಡ್ಲಿ ಕೈಯನ್ನು ಮಂಡಿಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದ. ಮ್ಯೂರಿಯಲ್ ತುಂಡನ್ನೆತ್ತಿ ಊದಿ ಆರಿಸಿ ಪಿಕಲ್‌ನ ಬಾಯಿಗಿಟ್ಟಳು.

"ಇವನಿಗೇ ಸಲ್ಲಬೇಕು. ನಮ್ಮನೇಲಿ ನಿಜ ಹೇಳಿದ್ದು ಇವನೊಬ್ಬನೇ."